ಸಾಕ್ಷಿ ಮೊದಲು ಬೆಳಗ್ಗೆ ಅಂದರು, ಆಮೇಲೆ ಸಂಜೆ ಅಂದರು. ನಂಬುವುದು ಹೇಗೆ?

ಪ್ರಶ್ನೆ: ಯುದ್ಧಾಪರಾಧಗಳ ವಿಚಾರಣೆ ಬಗ್ಗೆ ಓದುವಾಗಲೆಲ್ಲ ನನಗೊಂದು ಅನುಮಾನ ಬರುತ್ತದೆ. ಘಟನೆ ನಡೆದು ಹತ್ತು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷ ಆಗಿರುತ್ತದೆ. ಬದುಕುಳಿದವರು ಬಂದು ಸಾಕ್ಷಿ ಹೇಳುತ್ತಾರೆ. ಮೊದಲ ಹೇಳಿಕೆಯಲ್ಲಿ ಬೆಳಗ್ಗೆ ಅಂದವರು ಕೋರ್ಟಿನಲ್ಲಿ ಸಂಜೆ ಅನ್ನುತ್ತಾರೆ. ಇಂಥ ನೆನಪನ್ನು ನಂಬಿ ಒಬ್ಬ ಮನುಷ್ಯನನ್ನು ಜೀವನಪೂರ್ತಿ ಜೈಲಿಗೆ ಹಾಕುವುದು ಸರಿಯೇ? ವಿಡಿಯೊ, ಉಪಗ್ರಹದ ಚಿತ್ರ, ದಾಖಲೆ ಎಲ್ಲ ಇರುವಾಗ ಆ ಜನರನ್ನು ಕರೆತಂದು ಮತ್ತೆ ಅದೇ ನರಕವನ್ನು ನೆನಪಿಸುವ ಅಗತ್ಯವಾದರೂ ಏನು?

ಉತ್ತರ: ಈ ತೀರ್ಪುಗಳನ್ನು ಓದುವುದು, ವಿದ್ಯಾರ್ಥಿಗಳಿಗೆ ಓದಿಸುವುದು ನನ್ನ ಕೆಲಸ. ಪ್ರತಿ ವರ್ಷ ಯಾರಾದರೊಬ್ಬರು ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ. ಸ್ವಲ್ಪ ಮುಜುಗರದಿಂದ ಕೇಳುತ್ತಾರೆ, ನೊಂದವರನ್ನು ಅನುಮಾನಿಸಿದರೆ ಪಾಪ ಬರುತ್ತದೆ ಅನ್ನುವ ಹಾಗೆ. ಮುಜುಗರ ಬೇಡ. ಅನುಮಾನಿಸುವುದು ಕೋರ್ಟಿನ ಕೆಲಸವೇ. ಆದರೆ ಯಾವುದನ್ನು ಅನುಮಾನಿಸಬೇಕು ಅನ್ನುವಲ್ಲಿ ನಾವು ಎಡವುತ್ತೇವೆ. ಗಂಟೆ ಎಷ್ಟಾಗಿತ್ತು, ಎಷ್ಟು ಮೀಟರ್ ದೂರ ಇತ್ತು ಎಂದು ಸಾಕ್ಷಿಯನ್ನು ಹಿಂಡುತ್ತೇವೆ. ಅವರೊಬ್ಬರಿಗೇ ಗೊತ್ತಿರುವ ಸಂಗತಿಯನ್ನು ಕೇಳುವುದನ್ನೇ ಮರೆಯುತ್ತೇವೆ.

ದಾಖಲೆ ಸಾಕಲ್ವಾ ಅಂತ ಕೇಳಿದ್ದೀರಿ. 1945ರಲ್ಲಿ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ಅಮೆರಿಕದ ಮುಖ್ಯ ಪ್ರಾಸಿಕ್ಯೂಟರ್ ರಾಬರ್ಟ್ ಜಾಕ್ಸನ್ ಕೂಡ ಹೀಗೇ ಯೋಚಿಸಿದರು. ನಾಜಿಗಳು ಎಲ್ಲವನ್ನೂ ಬರೆದಿಟ್ಟಿದ್ದರು. ಬದುಕುಳಿದವರನ್ನು ಕಟಕಟೆಗೆ ಹತ್ತಿಸಿದರೆ 'ಇವರಿಗೆ ದ್ವೇಷ, ಉತ್ಪ್ರೇಕ್ಷೆ ಮಾಡುತ್ತಾರೆ' ಎಂಬ ಮಾತು ಬರುತ್ತದೆ. ಆರೋಪಿಯ ಸಹಿ ಇರುವ ಕಾಗದವನ್ನೇ ಮುಂದಿಟ್ಟರೆ ಯಾರು ಏನು ಹೇಳಲಾದೀತು? ಹಾಗಾಗಿ ಹತ್ತು ತಿಂಗಳಿಗೂ ಜಾಸ್ತಿ ನಡೆದ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಕಡೆಯಿಂದ ಕೋರ್ಟಿಗೆ ಬಂದು ಮಾತಾಡಿದ ಸಾಕ್ಷಿಗಳು ಬರೀ 33. ಅವರಲ್ಲಿ ಒಬ್ಬರು, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಿಲ್ನಾ ಘೆಟ್ಟೊದಿಂದ ಬದುಕಿ ಬಂದ ಕವಿ ಅಬ್ರಹಾಂ ಸುಟ್ಸ್‌ಕೆವರ್. ತಮ್ಮ ಯಿಡ್ಡಿಷ್ ಭಾಷೆಯಲ್ಲೇ ಹೇಳಬೇಕೆಂಬ ಆಸೆ ಅವರಿಗಿತ್ತು. ಅದಕ್ಕೆ ಅವಕಾಶವಾಗಲಿಲ್ಲ, ರಷ್ಯನ್‌ನಲ್ಲಿ ಹೇಳಿದರು. ಕೂತು ಮಾತಾಡಿ ಅಂದರೂ ಕೂರಲಿಲ್ಲ, ನಿಂತೇ ಹೇಳಿದರು.

ಕಾಗದದ ಬಲದಿಂದ ಶಿಕ್ಷೆಯೇನೋ ಆಯಿತು. ಆದರೆ ಕಾಗದ ಮಾತಾಡುವುದು ಬರೆದವನ ಭಾಷೆಯಲ್ಲಿ. ಕೊಲ್ಲುವುದಕ್ಕೆ ನಾಜಿ ಕಡತಗಳಲ್ಲಿ ಇರುವ ಮಾತು 'ವಿಶೇಷ ಉಪಚಾರ'. ಎಷ್ಟು ರೈಲು ಡಬ್ಬಿ ಹೊರಟವು, ಯಾವ ಅಧಿಕಾರಿ ಸಹಿ ಹಾಕಿದ ಎಂಬುದು ಕಡತದಲ್ಲಿ ಸಿಗುತ್ತದೆ. ಡಬ್ಬಿಯ ಬಾಗಿಲು ತೆರೆದಾಗ ಒಳಗೆ ಏನಾಗಿತ್ತು ಎಂಬುದು ಸಿಗುವುದಿಲ್ಲ.

1961ರಲ್ಲಿ ಜೆರುಸಲೇಮಿನಲ್ಲಿ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಕೆಲಸ ನೋಡಿಕೊಂಡಿದ್ದ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್ ವಿಚಾರಣೆ ನಡೆದಾಗ ಪ್ರಾಸಿಕ್ಯೂಟರ್ ಗಿಡಿಯನ್ ಹೌಸ್ನರ್ ಇದರ ಉಲ್ಟಾ ಮಾಡಿದರು. ನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕರೆಸಿದರು, ಅವರಲ್ಲಿ ಹೆಚ್ಚಿನವರು ಬದುಕುಳಿದವರು. ಒಬ್ಬ ಸಾಕ್ಷಿ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್ ಬಗ್ಗೆ ಹೇಳುತ್ತ ಹೇಳುತ್ತ ಎಚ್ಚರ ತಪ್ಪಿ ಬಿದ್ದರು. ಜಗತ್ತು ಆ ಜನರ ಮಾತನ್ನು ಮೊದಲ ಬಾರಿಗೆ ಕೂತು ಕೇಳಿತು, ನಿಜ. ಆದರೂ ಹೌಸ್ನರ್ ಸ್ವಲ್ಪ ಅತಿ ಮಾಡಿದರು ಎಂಬುದು ನನ್ನ ಅಭಿಪ್ರಾಯ. ಆ ಸಾಕ್ಷಿಗಳಲ್ಲಿ ಬಹಳ ಜನ ಐಖ್‌ಮನ್‌ನನ್ನು ಕಂಡವರೇ ಅಲ್ಲ. ಕೇಸಿಗೂ ಈ ಮಾತಿಗೂ ಏನು ಸಂಬಂಧ ಎಂದು ನ್ಯಾಯಾಧೀಶರೇ ಆಗಾಗ ಪ್ರಾಸಿಕ್ಯೂಟರನ್ನು ತಡೆಯಬೇಕಾಯಿತು.

ಈಗ ಒಬ್ಬ ಸಾಕ್ಷಿಯನ್ನು ಹತ್ತಿರದಿಂದ ನೋಡೋಣ. ಹೆಸರಿಲ್ಲ, 'ಸಾಕ್ಷಿ ಓ' ಅಷ್ಟೇ. ಬೋಸ್ನಿಯಾ ಯುದ್ಧದಲ್ಲಿ, 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾ ಪಟ್ಟಣ ಸರ್ಬ್ ಸೇನೆಯ ಕೈಗೆ ಬಿದ್ದಾಗ ಆ ಹುಡುಗನಿಗೆ 17 ವರ್ಷ. ಬೋಸ್ನಿಯನ್ ಸರ್ಬ್ ಸೈನಿಕರು ಅಲ್ಲಿನ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಶಾಲೆಯೊಂದರಲ್ಲಿ ತುಂಬಿ, ರಾತ್ರಿ ಕೈಕಟ್ಟಿ ಲಾರಿಯಲ್ಲಿ ಪೆಟ್ಕೊವ್ಸಿ ಎಂಬಲ್ಲಿನ ಅಣೆಕಟ್ಟಿನ ಬಳಿ ಕರೆದೊಯ್ದರು. ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಿದರು. ಬೇಗ ಸಾಯುತ್ತೇನೆ, ನೋವಾಗುವುದಿಲ್ಲ, ಆದರೆ ನಾನು ಎಲ್ಲಿ ಹೋದೆ ಅಂತ ಅಮ್ಮನಿಗೆ ಯಾವತ್ತೂ ತಿಳಿಯುವುದಿಲ್ಲವಲ್ಲ ಎಂದು ಆಗ ತನಗೆ ಅನಿಸಿತ್ತು ಎಂದು ಆತ ಕೋರ್ಟಿಗೆ ಹೇಳಿದ. ಗುಂಡು ತಗುಲಿದರೂ ಸಾಯಲಿಲ್ಲ. ಹೆಣಗಳ ನಡುವೆ ಇನ್ನೊಬ್ಬ ಅಲುಗಾಡುವುದು ಕಂಡಿತು. ಕೈಕಟ್ಟು ಬಿಚ್ಚಿಕೊಂಡು ಇಬ್ಬರೂ ತೆವಳುತ್ತ ಗುಡ್ಡ ಹತ್ತಿದರು. ಬೆಳಕು ಹರಿದ ಮೇಲೆ ಯಂತ್ರ ಬಂದು ಹೆಣಗಳನ್ನು ಬಾಚುವುದನ್ನು ಮೇಲಿನಿಂದ ನೋಡಿದರು.

ಇದರಲ್ಲಿ ಯಾವುದು ಉಪಗ್ರಹಕ್ಕೆ ಕಾಣುತ್ತದೆ? ಅಗೆದ ಮಣ್ಣು ಕಾಣುತ್ತದೆ, ಅಷ್ಟೇ. ಅದರೊಳಗೆ ಇರುವವರು ಕಾಳಗದಲ್ಲಿ ಸತ್ತ ಸೈನಿಕರು ಎಂದು ಆರೋಪಿ ಪರ ವಕೀಲ ವಾದಿಸಬಹುದು. ಕೈಕಟ್ಟಿ ನಿಲ್ಲಿಸಿ ಕೊಂದರು ಎಂದು ಹೇಳಲು ಆ ಸಾಲಿನಲ್ಲಿ ನಿಂತವನೇ ಬೇಕು. ಹಾಗಂತ ಕೋರ್ಟು ಅವನ ಮಾತೊಂದನ್ನೇ ನೆಚ್ಚಿ ಕೂರಲಿಲ್ಲ. ಆ ಪ್ರದೇಶದ ಸಾಮೂಹಿಕ ಸಮಾಧಿಗಳನ್ನು ತೆಗೆದಾಗ ಕಣ್ಣಿಗೆ ಕಟ್ಟಿದ 448 ಪಟ್ಟಿಗಳು, ಕೈಗೆ ಬಿಗಿದ 423 ಕಟ್ಟುಗಳು ಸಿಕ್ಕವು. ಕಾಳಗದಲ್ಲಿ ಸಾಯುವವನ ಕಣ್ಣಿಗೆ ಯಾರೂ ಬಟ್ಟೆ ಕಟ್ಟುವುದಿಲ್ಲ. ಮಣ್ಣಿನಲ್ಲಿ ಸಿಕ್ಕಿದ್ದಕ್ಕೆ ಹುಡುಗನ ಮಾತು ಅರ್ಥ ಕೊಟ್ಟಿತು, ಹುಡುಗನ ಮಾತಿಗೆ ಮಣ್ಣು ಆಧಾರವಾಯಿತು. ಕೊಲ್ಲುವ ಗುಂಪಿನಲ್ಲೇ ಇದ್ದ ದ್ರಾಜೆನ್ ಎರ್ಡೆಮೊವಿಚ್ ಎಂಬ ಸೈನಿಕ ಬ್ರಾನ್ಯೆವೊ ಎಂಬ ಇನ್ನೊಂದು ಜಾಗದಲ್ಲಿ ತಾನು ಗುಂಡು ಹಾರಿಸಿದ್ದನ್ನು ತಾನೇ ಒಪ್ಪಿಕೊಂಡು ಸಾಕ್ಷಿ ಹೇಳಿದ.

ಆದರೆ ಇಲ್ಲೊಂದು ಮಿತಿ ಇದೆ, ಪತ್ರಿಕೆಗಳಲ್ಲಿ ಓದುವವರಿಗೆ ಇದು ಗೊತ್ತಾಗುವುದಿಲ್ಲ. ಆರೋಪಿ ಸ್ಥಾನದಲ್ಲಿ ಕೂತಿದ್ದ ಬೋಸ್ನಿಯನ್ ಸರ್ಬ್ ಸೇನೆಯ ಜನರಲ್ ರಾದಿಸ್ಲಾವ್ ಕ್ರ್‌ಸ್ಟಿಚ್ ಬಗ್ಗೆ ಆ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿರುವುದು ಸಾಧ್ಯವೂ ಇರಲಿಲ್ಲ. ಏನು ನಡೆಯಿತು ಎಂಬುದನ್ನು ಬದುಕುಳಿದವರು ಹೇಳುತ್ತಾರೆ. ಆದೇಶ ಯಾರದು ಎಂಬುದಕ್ಕೆ ಕದ್ದು ಕೇಳಿದ ರೇಡಿಯೊ ಸಂಭಾಷಣೆ, ಸೇನೆಯ ಕಡತ, ಒಳಗಿದ್ದವರ ಹೇಳಿಕೆ ಬೇಕು. ಈ ಕೊಂಡಿ ಕೂಡದೆ ಬಿದ್ದುಹೋದ ಕೇಸುಗಳಿವೆ. ಆಗ 'ಸಂತ್ರಸ್ತರನ್ನು ನಂಬಲಿಲ್ಲ' ಎಂದು ಸುದ್ದಿಯಾಗುತ್ತದೆ. ಬಹಳ ಸಲ ಅದು ತಪ್ಪು. ಅವರನ್ನು ನಂಬಿರುತ್ತಾರೆ, ಆದರೆ ಮೇಲಿನವನವರೆಗೆ ಎಳೆ ಮುಟ್ಟಿರುವುದಿಲ್ಲ. ಕ್ರ್‌ಸ್ಟಿಚ್ ವಿಷಯದಲ್ಲಿ ಮುಟ್ಟಿತು. 2001ರಲ್ಲಿ 46 ವರ್ಷ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ 35ಕ್ಕೆ ಇಳಿಯಿತು.

ಇನ್ನು ನಿಮ್ಮ 'ಬೆಳಗ್ಗೆ, ಸಂಜೆ'ಯ ವಿಷಯ.

ನೆನಪು ಏನನ್ನು ಹಿಡಿದಿಟ್ಟುಕೊಳ್ಳುತ್ತದೆ, ಏನನ್ನು ಬಿಡುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನಲ್ಲಿ ಒಂದು ಅಪರೂಪದ ಅವಕಾಶ ಸಿಕ್ಕಿತು. ಅಲ್ಲಿನ ಎರಿಕಾ ಎಂಬ ಬಂದೀಖಾನೆ ಶಿಬಿರದಲ್ಲಿದ್ದವರು 1943ರಿಂದ 1948ರ ನಡುವೆ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಸುಮಾರು ನಲವತ್ತು ವರ್ಷದ ನಂತರ, ಅಲ್ಲಿ ಚಿತ್ರಹಿಂಸೆ ಕೊಡುತ್ತಿದ್ದ ಒಬ್ಬನ ಕೇಸಿಗಾಗಿ ಮತ್ತೆ ಹೇಳಿಕೆ ಪಡೆದರು. ವಿಲ್ಲೆಮ್ ವಾಗೆನಾರ್ ಮತ್ತು ಯೋಪ್ ಗ್ರೋನೆವೆಗ್ ಎಂಬ ಮನಃಶಾಸ್ತ್ರಜ್ಞರು 78 ಸಾಕ್ಷಿಗಳ ಹೇಳಿಕೆಗಳನ್ನು ನೋಡಿ 1990ರಲ್ಲಿ ಬರೆದರು. ಶಿಬಿರ ಹೇಗಿತ್ತು, ಅಲ್ಲಿ ಏನು ನಡೆಯುತ್ತಿತ್ತು ಎಂಬುದು ಜನರಿಗೆ ಚೆನ್ನಾಗಿ ನೆನಪಿತ್ತು. ತಾರೀಖು, ಹೆಸರು, ಮುಖದಂಥ ವಿವರಗಳು ಮಾತ್ರ ಕೈಬಿಟ್ಟಿದ್ದವು. ತಮ್ಮನ್ನೇ ಹೊಡೆದವನ ಹೆಸರನ್ನು ಮರೆತವರೂ ಇದ್ದರು.

ಹಾಗಾಗಿ ಗಂಟೆ ತಪ್ಪಿದ್ದು ನನಗೆ ದೊಡ್ಡ ವಿಷಯವಲ್ಲ. ಎರಡು ವರ್ಷದಲ್ಲಿ ಐದು ಸಲ ಬೇರೆ ಬೇರೆ ತನಿಖಾಧಿಕಾರಿಗಳಿಗೆ, ಬೇರೆ ಬೇರೆ ದುಭಾಷಿಗಳ ಮೂಲಕ ಹೇಳಿದ ಕಥೆ ಪ್ರತಿ ಸಲವೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ನನಗೆ ಅನುಮಾನ ಜಾಸ್ತಿ. ಬೋಸ್ನಿಯಾದಂಥ ಯುದ್ಧಗಳ ಅಪರಾಧ ವಿಚಾರಿಸಲು ವಿಶ್ವಸಂಸ್ಥೆ ರಚಿಸಿದ, ಹಿಂದಿನ ಯುಗೊಸ್ಲಾವಿಯದ ನ್ಯಾಯಮಂಡಳಿಯೂ 1998ರ ಫುರುಂಜಿಯಾ ತೀರ್ಪಿನಲ್ಲಿ ಇದೇ ಅರ್ಥದ ಮಾತು ಹೇಳಿದೆ: ಸಣ್ಣಪುಟ್ಟ ವ್ಯತ್ಯಾಸ ಇರುವುದೇ ಕೆಲವೊಮ್ಮೆ ಯಾರೂ ಹೇಳಿಕೊಟ್ಟಿಲ್ಲ ಎಂಬುದಕ್ಕೆ ಗುರುತು. ಆ ಕೇಸಿನ ಮುಖ್ಯ ಸಾಕ್ಷಿ ಅತ್ಯಾಚಾರಕ್ಕೆ ಒಳಗಾದ ಮಹಿಳೆ. ಆಕೆ ಮಾನಸಿಕ ಆಘಾತಕ್ಕೆ ಚಿಕಿತ್ಸೆ ಪಡೆದಿದ್ದಾರೆ, ಆದ್ದರಿಂದ ಆಕೆಯ ನೆನಪು ನಂಬಲರ್ಹವಲ್ಲ ಎಂದು ಆರೋಪಿ ಪರ ವಕೀಲರು ವಾದಿಸಿದರು. ಅದಕ್ಕಾಗಿಯೇ ಮುಗಿದಿದ್ದ ವಿಚಾರಣೆಯನ್ನು ಮತ್ತೆ ತೆರೆದರು, ಇಬ್ಬರ ಕಡೆಯ ತಜ್ಞರನ್ನೂ ಕೇಳಿದರು. ಆಘಾತದಿಂದ ನರಳುವವರು ಒಳ್ಳೆಯ ಸಾಕ್ಷಿಯಾಗಬಾರದು ಎಂದೇನೂ ಇಲ್ಲ ಎಂದು ಕೊನೆಗೆ ತೀರ್ಪು ಬಂತು.

ವ್ಯತ್ಯಾಸ ಎಷ್ಟೋ ಸಲ ಸಾಕ್ಷಿಯದ್ದೂ ಅಲ್ಲ, ಭಾಷೆಯದ್ದು. 1994ರ ರುವಾಂಡ ನರಮೇಧಕ್ಕೆ ಸಂಬಂಧಿಸಿದ ಅಕಾಯೆಸು ಪ್ರಕರಣದ ತೀರ್ಪು ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಗುಸಂಬಾನ್ಯಾ, ಕುರುಂಗೋರಾ, ಕುರ್ಯಾಮಾನಾ, ಗುಫಾತಾ ಕು ನ್ಗುಫು ಎಂದು ಸಾಕ್ಷಿಗಳು ಕಿನ್ಯರ್ವಾಂಡ ಭಾಷೆಯಲ್ಲಿ ಬೇರೆ ಬೇರೆ ಮಾತು ಬಳಸಿದ್ದರು. ಇಂಗ್ಲಿಷಿನಲ್ಲಿ ಎಲ್ಲವೂ 'ಅತ್ಯಾಚಾರ' ಎಂಬ ಒಂದೇ ಪದವಾಗಿತ್ತು. ನ್ಯಾಯಾಧೀಶರು ಸುಮ್ನೆ ಬಿಡದೆ ಪ್ರತಿಯೊಂದು ಮಾತಿನ ಅರ್ಥ, ಯಾವ ಸಂದರ್ಭಕ್ಕೆ ಯಾವುದು ಎಂದು ವಿಚಾರಿಸಿ ತೀರ್ಪಿನಲ್ಲೇ ಬರೆದರು. ಅಲ್ಲಿನವರು ಬೇರೆಯವರಿಂದ ಕೇಳಿದ್ದನ್ನೂ ಕಂಡ ಹಾಗೆ ಹೇಳುವುದುಂಟು ಎಂದು ಭಾಷಾತಜ್ಞರೊಬ್ಬರು ತಿಳಿಸಿದರು. ಪರಿಹಾರ ಬಹಳ ಸರಳವಾಗಿತ್ತು. ನೀವೇ ನೋಡಿದಿರಾ, ಯಾರಾದರೂ ಹೇಳಿದ್ದಾ ಎಂದು ನೇರವಾಗಿ ಕೇಳುವುದು. ಕೇಳಿದಾಗ ಸಾಕ್ಷಿಗಳು ಸರಿಯಾಗಿಯೇ ಬೇರ್ಪಡಿಸಿ ಹೇಳಿದರು.

ಕನ್ನಡದಲ್ಲಿ ನಮಗೆ ಇದು ಬೇಗ ಅರ್ಥವಾಗುತ್ತದೆ. 'ಹೊಡೆದ' ಅಂದರೆ ಒಂದು, 'ಹೊಡೆದನಂತೆ' ಅಂದರೆ ಇನ್ನೊಂದು. ಆ 'ಅಂತೆ' ದುಭಾಷಿಯ ಬಾಯಲ್ಲಿ ಉದುರಿಹೋದರೆ ಕೇಳಿದವನು ಕಂಡವನಾಗಿಬಿಡುತ್ತಾನೆ. ಆರು ತಿಂಗಳ ನಂತರ ಪಾಟಿ ಸವಾಲಿನಲ್ಲಿ ಅದೇ ಮನುಷ್ಯ ಸುಳ್ಳುಗಾರನಾಗುತ್ತಾನೆ.

ಅಕಾಯೆಸು ಕೇಸಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಟಾಬಾ ಎಂಬ ಊರಿನ ಮೇಯರ್ ಆಗಿದ್ದ ಆತನ ಮೇಲಿನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಸುದ್ದಿಯೇ ಇರಲಿಲ್ಲ. 1997ರ ಆರಂಭದಲ್ಲಿ 'ಸಾಕ್ಷಿ ಜೆ' ಎಂಬ ಮಹಿಳೆ ಬೇರೇನೋ ಹೇಳುತ್ತ, ಆರು ವರ್ಷದ ತನ್ನ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದ್ದನ್ನು ಹೇಳಿದರು. ಪೀಠದಲ್ಲಿದ್ದ ಏಕೈಕ ಮಹಿಳೆ ನವನೀತಂ ಪಿಳ್ಳೈ ಅಲ್ಲಿಗೆ ಬಿಡಲಿಲ್ಲ. ನ್ಯಾಯಪೀಠ ಮುಂದಿನ ಪ್ರಶ್ನೆಗಳನ್ನು ಕೇಳಿತು. ಆಮೇಲೆ ಇನ್ನೊಬ್ಬ ಸಾಕ್ಷಿಯೂ ಹೇಳಿದರು. ಜೂನ್‌ನಲ್ಲಿ ಆರೋಪಪಟ್ಟಿಗೆ ಹೊಸ ಆರೋಪ ಸೇರಿತು. ಅತ್ಯಾಚಾರವೂ ನರಮೇಧದ ಒಂದು ರೂಪವಾಗಬಹುದು ಎಂದು ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ಮೊದಲ ಸಲ ಹೇಳಿದ್ದು 1998ರ ಸೆಪ್ಟೆಂಬರ್ 2ರಂದು, ಈ ಕೇಸಿನಲ್ಲಿ. ಆ ತಾಯಿ ಕೋರ್ಟಿಗೆ ಬರದೆ ಬರೀ ಕಾಗದ ಬಂದಿದ್ದರೆ ಇದಾಗುತ್ತಿತ್ತೇ?

ಹಾಗಾದರೆ ನಿಮ್ಮ ಅನುಮಾನಕ್ಕೆ ಬೆಲೆಯೇ ಇಲ್ಲವೇ? ಇದೆ, ಬಹಳ ಇದೆ. ಅದಕ್ಕೆ ದೆಮ್ಯಾನ್ಯುಕ್ ಕೇಸು ನೋಡಿ.

ನಾಜಿಗಳ ಟ್ರೆಬ್ಲಿಂಕಾ ಸಾವಿನ ಶಿಬಿರದಲ್ಲಿ ಅನಿಲ ಕೋಣೆಯ ಯಂತ್ರ ನಡೆಸುತ್ತಿದ್ದ, ಕ್ರೂರತನಕ್ಕೆ ಹೆಸರಾಗಿದ್ದ ಒಬ್ಬ ಕಾವಲುಗಾರನಿದ್ದ. ಕೈದಿಗಳು ಅವನನ್ನು 'ಭಯಂಕರ ಇವಾನ್' ಅನ್ನುತ್ತಿದ್ದರು. ಅಮೆರಿಕದಲ್ಲಿ ಕಾರು ಕಾರ್ಖಾನೆಯ ಕೆಲಸ ಮಾಡಿಕೊಂಡಿದ್ದ ಜಾನ್ ದೆಮ್ಯಾನ್ಯುಕ್ ಎಂಬವನೇ ಅವನು ಎಂದು 1986ರಲ್ಲಿ ಅವನನ್ನು ಇಸ್ರೇಲಿಗೆ ಕಳಿಸಿದರು. ವಿಚಾರಣೆಯಲ್ಲಿ ಬದುಕುಳಿದ ಒಬ್ಬರು, ಆತ ಕನ್ನಡಕ ತೆಗೆಯಲಿ, ಕಣ್ಣು ನೋಡಬೇಕು ಎಂದರು. ಹತ್ತಿರ ಹೋಗಿ ನೋಡಿದರು. ದೆಮ್ಯಾನ್ಯುಕ್ ಕೈ ಚಾಚಿದ. ಅವರು ಹಿಂದಕ್ಕೆ ಸರಿದು, ಇವನೇ ಇವಾನ್, ಸಂಶಯವೇ ಇಲ್ಲ ಎಂದು ಕೂಗಿದರು. ಆ ಕ್ಷಣವನ್ನು ನೋಡಿದ ಯಾರಿಗೂ ಅನುಮಾನ ಉಳಿದಿರಲಾರದು. ಆದರೆ ಅದೇ ಮನುಷ್ಯ 1947ರಲ್ಲಿ ಕೊಟ್ಟ ಹೇಳಿಕೆಯಲ್ಲಿ, 1943ರ ದಂಗೆಯಲ್ಲಿ ಕೈದಿಗಳು ಇವಾನ್‌ನನ್ನು ಕೊಂದರು ಎಂದಿತ್ತು. ಫೋಟೊ ತೋರಿಸಿ ಗುರುತು ಹಿಡಿಸಿದ ರೀತಿಯೂ ಸರಿ ಇರಲಿಲ್ಲ. ಮೇಲೆ ಹೇಳಿದ ವಾಗೆನಾರ್ ಇದನ್ನೇ ತಜ್ಞ ಸಾಕ್ಷಿಯಾಗಿ ಕೋರ್ಟಿಗೆ ವಿವರಿಸಿದ್ದರು. ಕೇಳಲಿಲ್ಲ. 1988ರಲ್ಲಿ ಗಲ್ಲು ಶಿಕ್ಷೆಯಾಯಿತು.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹಳೆಯ ಕಡತಗಳು ಹೊರಬಂದವು. ಭಯಂಕರ ಇವಾನ್ ಅಂದರೆ ಇವಾನ್ ಮಾರ್ಚೆಂಕೊ ಎಂದು ಟ್ರೆಬ್ಲಿಂಕಾದ ಕಾವಲುಗಾರರೇ ಹಿಂದೆ ಹೇಳಿಕೆ ಕೊಟ್ಟಿದ್ದರು. 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ದೆಮ್ಯಾನ್ಯುಕ್‌ನನ್ನು ಬಿಟ್ಟುಬಿಟ್ಟಿತು. ಟ್ರೆಬ್ಲಿಂಕಾದಲ್ಲಿ ಏನು ನಡೆಯಿತು ಎಂದು ಆ ಮುದುಕರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಲವತ್ತು ವರ್ಷದ ನಂತರ ಒಂದು ಮುಖವನ್ನು ಗುರುತು ಹಿಡಿಯಿರಿ ಎಂದದ್ದು ಅವರಿಂದ ಕೇಳಬಾರದ್ದನ್ನು ಕೇಳಿದ ಹಾಗೆ. ತಪ್ಪು ಕೇಳಿದವರದ್ದು. 2011ರಲ್ಲಿ ಮ್ಯೂನಿಕ್ ಕೋರ್ಟು ಅದೇ ದೆಮ್ಯಾನ್ಯುಕ್‌ಗೆ ಸೋಬಿಬೋರ್ ಶಿಬಿರದ ಕೊಲೆಗಳಲ್ಲಿ ಸಹಾಯ ಮಾಡಿದ್ದಕ್ಕೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆಗ ಮುಖ್ಯ ಆಧಾರ ಅವನ ಗುರುತಿನ ಚೀಟಿ ಮತ್ತು ಕಡತಗಳು. ಅವನ ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ತೀರಿಕೊಂಡ.

ಮರೆವು ಒಂದು ಕಡೆ, ಬೇಕಂತಲೇ ಹೇಳುವ ಸುಳ್ಳು ಇನ್ನೊಂದು ಕಡೆ. ಯುಗೊಸ್ಲಾವಿಯ ನ್ಯಾಯಮಂಡಳಿಯ ಮೊಟ್ಟಮೊದಲ ವಿಚಾರಣೆಯಲ್ಲೇ 'ಸಾಕ್ಷಿ ಎಲ್' ತನ್ನ ತಂದೆ ಸತ್ತಿದ್ದಾನೆ ಎಂದಿದ್ದ. ಆರೋಪಿ ಪರದವರು ಆ ತಂದೆಯನ್ನೇ ಹುಡುಕಿ ಎದುರಿಗೆ ತಂದರು! ಪ್ರಾಸಿಕ್ಯೂಷನ್ ಆ ಸಾಕ್ಷಿಯನ್ನು ಕೈಬಿಟ್ಟಿತು. ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊದಲ ಕೇಸು ಕಾಂಗೋದ ಥಾಮಸ್ ಲುಬಾಂಗನದು, ಮಕ್ಕಳನ್ನು ಸೈನ್ಯಕ್ಕೆ ಸೇರಿಸಿಕೊಂಡ ಆರೋಪ. 2009ರಲ್ಲಿ ಮೊದಲ ಸಾಕ್ಷಿಯಾಗಿ ಬಂದ ಹುಡುಗ ಕೋರ್ಟಿನಲ್ಲೇ ತಿರುಗಿಬಿದ್ದ, ತಾನು ಹೇಳಿದ್ದು ಬೇರೆಯವರು ಹೇಳಿಕೊಟ್ಟದ್ದು ಎಂದ. ಎರಡು ವಾರ ಬಿಟ್ಟು ಬಂದು ಮತ್ತೆ ಮೊದಲಿನ ಹಾಗೇ ಹೇಳಿದ. ತನಿಖೆಗೆ ಸ್ಥಳೀಯ ಮಧ್ಯವರ್ತಿಗಳನ್ನು ನೆಚ್ಚಿಕೊಂಡಿದ್ದರು, ಅವರಲ್ಲಿ ಕೆಲವರು ಸಾಕ್ಷಿಗಳನ್ನು ತಿದ್ದಿರಬಹುದು ಎಂಬ ತೀರ್ಮಾನಕ್ಕೆ ನ್ಯಾಯಾಧೀಶರು ಬಂದರು. ಬಾಲಯೋಧರೆಂದು ಬಂದವರ ಮಾತನ್ನು ಬದಿಗಿಟ್ಟು, ಚಿಕ್ಕ ಮಕ್ಕಳು ಕಾಣುವ ವಿಡಿಯೊ ಮತ್ತು ಉಳಿದ ಸಾಕ್ಷ್ಯದ ಮೇಲೆ 2012ರಲ್ಲಿ ಶಿಕ್ಷೆ ಕೊಟ್ಟರು. ಇಲ್ಲಿ ನೀವು ಹೇಳಿದ ವಿಡಿಯೊ ಗೆದ್ದಿತು, ಒಪ್ಪುತ್ತೇನೆ. ಅದೇ ನ್ಯಾಯಾಲಯದಲ್ಲಿ ಕಾಂಗೋದ ಇನ್ನೊಬ್ಬ ನಾಯಕ ಜಾನ್-ಪಿಯರ್ ಬೆಂಬಾ ಮತ್ತು ಅವನ ಕಡೆಯವರಿಗೆ 14 ಸಾಕ್ಷಿಗಳನ್ನು ಕೆಡಿಸಿದ್ದಕ್ಕೇ ಪ್ರತ್ಯೇಕ ಶಿಕ್ಷೆಯಾಗಿದೆ. ಕೆನ್ಯಾದ ಕೇಸುಗಳಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದು ಕೇಸೇ ನಿಂತುಹೋಯಿತು.

ಹೆಸರು ಮರೆಮಾಡುವುದು, ಧ್ವನಿ ಬದಲಿಸುವುದು, ಮುಚ್ಚಿದ ಕೊಠಡಿಯಲ್ಲಿ ಕೇಳುವುದು ಇದೆಲ್ಲ ಬಂದಿರುವುದು ಈ ಭಯದಿಂದ. ಹೊರಗಿನವರಿಗೆ ಹೆಸರು ಗೊತ್ತಾಗದಿದ್ದರೂ ಆರೋಪಿಯ ವಕೀಲರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ, ಇಲ್ಲದಿದ್ದರೆ ಪಾಟಿ ಸವಾಲು ಮಾಡುವುದು ಹೇಗೆ? ಅತ್ಯಾಚಾರದ ವಿಷಯದಲ್ಲಿ ಇನ್ನೊಂದು ನಿಯಮ ಬಂತು: ನೊಂದವರ ಮಾತಿಗೆ ಇನ್ನೊಬ್ಬರ ಬೆಂಬಲ ಸಾಕ್ಷ್ಯ ಇರಲೇಬೇಕೆಂದಿಲ್ಲ. ಕೊಲೆ, ಹಲ್ಲೆಯ ಸಾಕ್ಷಿಗೆ ಇಲ್ಲದ ಷರತ್ತು ಇವರಿಗೆ ಮಾತ್ರ ಯಾಕೆ ಎಂಬುದು ಇದರ ಹಿಂದಿನ ವಾದ. ನನಗೆ ಅದು ಸರಿ ಅನಿಸುತ್ತದೆ.

ಕೊನೆಯ ಪ್ರಶ್ನೆ, ಅವರನ್ನು ಯಾಕೆ ಮತ್ತೆ ನೋಯಿಸಬೇಕು? ಸಾಕ್ಷಿ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಕೋರ್ಟು ಚಿಕಿತ್ಸಾಲಯ ಅಲ್ಲ. ಅಲ್ಲಿ ಕಥೆಯನ್ನು ಮಧ್ಯದಲ್ಲೇ ತಡೆಯುತ್ತಾರೆ, 'ಹೌದು, ಅಲ್ಲ ಅಷ್ಟೇ ಹೇಳಿ' ಅನ್ನುತ್ತಾರೆ. ಆದರೆ ಬರಬೇಡಿ ಎಂದು ನಾವು ಅವರ ಪರವಾಗಿ ತೀರ್ಮಾನಿಸುವುದೂ ಸರಿಯಲ್ಲ. ಎಷ್ಟೋ ಕೇಸುಗಳು ಶುರುವಾದದ್ದೇ ಅವರು ಹಠ ಹಿಡಿದದ್ದರಿಂದ. ಚಾಡ್ ದೇಶದ ಸರ್ವಾಧಿಕಾರಿ ಹಿಸೆನ್ ಹಬ್ರೆ 1990ರಲ್ಲಿ ಸೆನೆಗಲ್‌ಗೆ ಓಡಿಹೋದ. ಅವನ ಜೈಲಿನಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇದ್ದು ಬದುಕಿ ಬಂದ ಸುಲೇಮಾನ್ ಗೆಂಗೆಂಗ್ ಎಂಬ ಗುಮಾಸ್ತರು ಜೊತೆಯವರೊಂದಿಗೆ ಸೇರಿ 792 ಜನರ ಹೇಳಿಕೆ ಸಂಗ್ರಹಿಸಿದರು. ಆ ಕಾಗದಗಳನ್ನು ವರ್ಷಗಟ್ಟಲೆ ಬಚ್ಚಿಟ್ಟರು. ಆಮೇಲೆ 2001ರಲ್ಲಿ ಹಬ್ರೆಯ ರಾಜಕೀಯ ಪೊಲೀಸರ ಕಡತಗಳು ಸಿಕ್ಕವು, ಅದರಲ್ಲಿ ಬಂಧನದಲ್ಲೇ ಸತ್ತ 1,208 ಜನರ ಹೆಸರಿತ್ತು. ಮೊದಲು ಮಾತು, ಆಮೇಲೆ ದಾಖಲೆ. 2016ರ ಮೇ 30ರಂದು ಡಕಾರ್‌ನಲ್ಲಿ ಹಬ್ರೆಗೆ ಜೀವಾವಧಿ ಶಿಕ್ಷೆಯಾಯಿತು.

ಆ ವಿಚಾರಣೆಯಲ್ಲಿ ಒಬ್ಬ ಮಹಿಳೆ, ಹಬ್ರೆ ತಾನೇ ತನ್ನ ಮೇಲೆ ಅತ್ಯಾಚಾರ ಮಾಡಿದ ಎಂದು ತುಂಬಿದ ಕೋರ್ಟಿನಲ್ಲಿ ಹೇಳಿದರು. ಹಬ್ರೆ ಕಪ್ಪು ಕನ್ನಡಕ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಂಡು ಸುಮ್ಮನೆ ಕೂತಿದ್ದ, ವಿಚಾರಣೆ ಪೂರ್ತಿ ಹಾಗೇ ಇದ್ದ. ನ್ಯಾಯಾಧೀಶರು ಆಕೆಯನ್ನು ನಂಬಿ ಆ ಆರೋಪದಲ್ಲೂ ತಪ್ಪಿತಸ್ಥ ಎಂದರು. ಮರುವರ್ಷ ಮೇಲ್ಮನವಿ ಪೀಠ ಆ ಒಂದು ಆರೋಪವನ್ನು ತೆಗೆದುಹಾಕಿತು. ಆಕೆ ಹೇಳಿದ್ದು ಸುಳ್ಳು ಎಂದಲ್ಲ. ಆ ಸಂಗತಿ ಮೂಲ ಆರೋಪಪಟ್ಟಿಯಲ್ಲಿ ಇರಲಿಲ್ಲ, ತಡವಾಗಿ ಬಂತು ಎಂದು. ಜೀವಾವಧಿ ಶಿಕ್ಷೆ ಹಾಗೇ ಉಳಿಯಿತು. ಕಾನೂನಿನ ಪ್ರಕಾರ ಅದು ಸರಿಯಾದ ತೀರ್ಪು ಎಂದೇ ನಾನು ತರಗತಿಯಲ್ಲಿ ಹೇಳುತ್ತೇನೆ. ಆಕೆಗೆ ಅದನ್ನು ಹೇಗೆ ವಿವರಿಸುತ್ತೀರಿ ಎಂದು ಒಮ್ಮೆ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಬೆಲ್ ಹೊಡೆದಿತ್ತು, ಆದರೂ ಯಾರೂ ಎದ್ದಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.